ಕ್ಯಾಮೆರಾ ಹಿಡಿದ ಕೈ ಬೇಟೆಗಾರನ ಕೈಯಾಗದಿರಲಿ

ಬಾಲಾನಗರದ ನಮ್ಮ ಕನ್ನಡಿಗ ತರುಣರಲ್ಲಿ ಹೊಸತೊಂದು ಹವ್ಯಾಸವು ಬೇರೂರುತ್ತಿರುವುದನ್ನು ವಾಚಕ ಮಹಾಶಯರು ಗಮನಿಸಿಯೇ ಇರುವಿರಿ. ವಾರದ ಆರು ದಿನ ಯಂತ್ರಗಳ ಸದ್ದಿನ ನಡುವೆ ದುಡಿದವರು, ಭಾನುವಾರದ ಬೆಳಗಿನ ಜಾವ ಜಗತ್ತೆಲ್ಲ ಮುಸುಕೆಳೆದು ಮಲಗಿರುವಾಗ ಎದ್ದು, ಹೆಗಲಿಗೆ ಕ್ಯಾಮೆರಾದ ಚೀಲವನ್ನು ಏರಿಸಿ, ಕೆರೆಯ ಏರಿಯನ್ನೋ ಕಾಡಿನ ಅಂಚನ್ನೋ ಅರಸಿ ಹೊರಡುತ್ತಾರೆ. ಇಸ್ಪೀಟು, ಕುಡಿತಗಳಂಥ ಹಾಳು ಚಟಗಳಿಗೆ ಸಿಕ್ಕಿ ರಜೆಯನ್ನೂ ಸಂಬಳವನ್ನೂ ಕಳೆದುಕೊಳ್ಳುವುದಕ್ಕಿಂತ ಇದು ಸಾವಿರ ಪಾಲು ಮೇಲು. ಹವ್ಯಾಸವು ಶ್ರೇಷ್ಠವಾದುದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಶ್ರೇಷ್ಠವಾದ ಹವ್ಯಾಸಕ್ಕೂ ಒಂದು ಧರ್ಮವುಂಟು. ಅದನ್ನು ಮರೆತರೆ ಹಕ್ಕಿಯನ್ನು ಪ್ರೀತಿಸಹೋದವನೇ ಹಕ್ಕಿಯ ಸಂತತಿಗೆ ಮುಳುವಾಗುತ್ತಾನೆ. ಈ ವಿಚಾರವನ್ನು ಸಹೃದಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸತ್ತ ಹುಲಿಯ ಮುಂದೆ ಕ್ಯಾಮೆರಾ

ನಾವು ವಾಸಿಸುವ ಈ ಮಹಾನಗರಕ್ಕೂ ಛಾಯಾಚಿತ್ರ ಕಲೆಗೂ ಬಹುಕಾಲದ ನಂಟಿದೆ. ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳರ (1844-1905) ಹೆಸರನ್ನು ಕೇಳದವರು ವಿರಳ. ಅವರು ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆಗಾರರಾಗಿದ್ದು, ನೌಕರಿಯ ಜೊತೆಗೆ ಹವ್ಯಾಸವಾಗಿ ಕ್ಯಾಮೆರಾ ಹಿಡಿದವರು. ಮುಂದೆ ಆ ಹವ್ಯಾಸವೇ ಅವರನ್ನು ಕೀರ್ತಿಯ ಶಿಖರಕ್ಕೆ ಏರಿಸಿತು. ಅವರ ಪ್ರಖ್ಯಾತ ಚಿತ್ರಗಳಲ್ಲಿ 1902ರದೊಂದಿದೆ. ವಾರಂಗಲ್ ಸೀಮೆಯ ನೆಕ್ಕೊಂಡದ ಬಳಿ ಬೇಟೆಯಾಡಿದ ವೈಸರಾಯ್ ಲಾರ್ಡ್ ಕರ್ಜನ್ ಮತ್ತು ಅವರ ಪತ್ನಿ ಅದರಲ್ಲಿದ್ದಾರೆ. ಅವರ ಮುಂದೆ ಹತವಾದ ಹುಲಿ ಬಿದ್ದಿದೆ. ಅಂದಿನ ದಿನಗಳಲ್ಲಿ ವನ್ಯಪ್ರಾಣಿಯ ಛಾಯಾಚಿತ್ರವೆಂದರೆ ಬಹುಮಟ್ಟಿಗೆ ಇದೇ ಆಗಿತ್ತು. ಮೊದಲು ಬಂದೂಕವು ತನ್ನ ಕೆಲಸವನ್ನು ಮುಗಿಸುತ್ತಿತ್ತು. ಆ ಬಳಿಕ ಕ್ಯಾಮೆರಾ ಬಂದು ಸಾಕ್ಷಿ ಹೇಳುತ್ತಿತ್ತು.

ಈ ಕ್ರಮವನ್ನು ತಿರುಗಿಸಿದವರಲ್ಲಿ ಎಫ್. ಡಬ್ಲ್ಯೂ. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಪ್ರಮುಖರು. ಕಾಡಿನ ಹಾದಿಗೆ ಅಡ್ಡಲಾಗಿ ಸಣ್ಣ ತಂತಿಯೊಂದನ್ನು ಬಿಗಿದು, ರಾತ್ರಿ ಅಲ್ಲಿ ನಡೆದುಬರುವ ಹುಲಿಯು ಅದನ್ನು ತುಳಿದೊಡನೆ ಬೆಳಕು ಝಗ್ಗನೆ ಹೊತ್ತಿ ಚಿತ್ರವು ಮೂಡುವಂತೆ ಅವರು ಏರ್ಪಾಟು ಮಾಡಿದರು. ಹುಲಿಯೇ ತನ್ನ ಚಿತ್ರವನ್ನು ತಾನು ತೆಗೆದುಕೊಂಡಿತು ಎಂದರೂ ಸಲ್ಲುವುದು. ಆ ಚಿತ್ರಗಳನ್ನೊಳಗೊಂಡ ಅವರ ಪುಸ್ತಕವು 1927ರಲ್ಲಿ ಹೊರಬಂದಿತು. ಒಂದು ಹುಲಿಯ ಪಟ್ಟೆಗಳು ಇನ್ನೊಂದರಂತೆ ಇರುವುದಿಲ್ಲವೆಂಬುದನ್ನೂ ಅವರು ಚಿತ್ರಗಳಿಂದಲೇ ಕಂಡುಕೊಂಡರು. 1990ರ ದಶಕದಲ್ಲಿ ನಮ್ಮ ಕನ್ನಡದವರೇ ಆದ ಡಾ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳನ್ನಿಟ್ಟು, ಪಟ್ಟೆಗಳ ಗುರುತಿನಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ವೈಜ್ಞಾನಿಕ ವಿಧಾನವನ್ನು ಬಳಕೆಗೆ ತಂದರು. ಸತ್ತ ಹುಲಿಯ ಮುಂದೆ ನಿಂತಿದ್ದ ಕ್ಯಾಮೆರಾ ಹೀಗೆ ನೂರು ವರ್ಷ ತುಂಬುವುದರೊಳಗೆ ಬದುಕಿರುವ ಹುಲಿಯ ಕಾವಲುಗಾರನಾಯಿತು.

ಕನ್ನಡ ನಾಡಿನ ಹವ್ಯಾಸಿಗಳು

ಈ ಕಲೆಯಲ್ಲಿ ಕನ್ನಡ ನಾಡು ಯಾರಿಗೂ ಹಿಂದೆ ಬಿದ್ದಿಲ್ಲವೆಂಬುದು ನಮಗೆಲ್ಲ ಅಭಿಮಾನದ ಸಂಗತಿ. ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರು (1931-2011) 1970ರ ದಶಕದಲ್ಲಿ ರಾಜ್ಯದ ಹಣಕಾಸಿನ ಸಚಿವರಾಗಿದ್ದವರು. ಬೊಕ್ಕಸದ ಲೆಕ್ಕಾಚಾರದ ಹೊರೆಯನ್ನು ಹೊತ್ತವರೂ ಕಾಡಿಗೆ ಹೋಗಿ ಆನೆಯ ಹಿಂಡಿಗಾಗಿ ಕಾದು ಕುಳಿತುಕೊಳ್ಳಬಲ್ಲರೆಂಬುದಕ್ಕೆ ಅವರೇ ನಿದರ್ಶನ. ಅವರ ಚಿತ್ರಗಳ ಗ್ರಂಥವು 1983ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಇ. ಹನುಮಂತರಾಯರೂ ಟಿ. ಎನ್. ಎ. ಪೆರುಮಾಳರೂ ಇದೇ ಸಾಲಿನ ಹಿರಿಯರು. ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡು ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿಯವರನ್ನಂತೂ ಕನ್ನಡಿಗರಿಗೆ ಪರಿಚಯಿಸಬೇಕಾದುದಿಲ್ಲ. ಸಾಹಿತಿಯೊಬ್ಬನ ಕೈಯಲ್ಲಿ ಕ್ಯಾಮೆರಾ ಮತ್ತು ಲೇಖನಿಗಳೆರಡೂ ಸೇರಿದರೆ ಏನಾಗಬಲ್ಲುದೆಂಬುದನ್ನು ಅವರ ‘ಹಕ್ಕಿ ಪುಕ್ಕ’ವು ತೋರಿಸಿಕೊಟ್ಟಿತು.

ಈ ಹಿರಿಯರ ಕಾಲದ ಕಷ್ಟವನ್ನು ಇಂದಿನ ತರುಣರು ಊಹಿಸುವುದೂ ಕಠಿಣ. ಆಗ ಬಳಕೆಯಲ್ಲಿದ್ದ ಚೌಕದ ಕ್ಯಾಮೆರಾಗಳಲ್ಲಿ ಒಂದು ಸುರುಳಿಗೆ 12 ಚಿತ್ರಗಳು; ಸಣ್ಣ ಫಿಲ್ಮಿನಲ್ಲಿ 36. ಅದೂ ಮುಗಿದ ಮೇಲೆ, ಕತ್ತಲೆ ಕೋಣೆಯಲ್ಲಿ ತೊಳೆದು ನೋಡುವವರೆಗೆ ಚಿತ್ರ ಬಂದಿತೋ ಇಲ್ಲವೋ ತಿಳಿಯುವಂತಿರಲಿಲ್ಲ. ಒಂದೊಂದು ಗುಂಡಿ ಒತ್ತುವಿಕೆಗೂ ಬೆಲೆ ತೆರಬೇಕಾಗಿದ್ದುದರಿಂದ ತಾಳ್ಮೆಯು ತಾನಾಗಿಯೇ ಬರುತ್ತಿತ್ತು. ಇಂದು ಡಿಜಿಟಲ್ ಕ್ಯಾಮೆರಾದಿಂದ ಒಂದೇ ಬೆಳಗಿನಲ್ಲಿ ಸಾವಿರ ಚಿತ್ರಗಳನ್ನು ತೆಗೆಯಬಹುದು, ಕಾಸಿನ ಖರ್ಚಿಲ್ಲ. ಖರ್ಚು ಇಲ್ಲದಾದಾಗ ತಾಳ್ಮೆಯೂ ಮಾಯವಾಗುತ್ತಿರುವುದೇ ವಿಷಾದದ ಸಂಗತಿ.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಇರಲಾಗದು. ಹಿಂದಿನವರಲ್ಲಿ ಅನೇಕರು ಗೂಡಿನ ಸಮೀಪವೇ ಬಟ್ಟೆಯ ಮರೆಯನ್ನು ಕಟ್ಟಿ, ಅದನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಮುಂದಕ್ಕೆ ಸರಿಸಿ, ಹಕ್ಕಿಗೆ ಅದು ರೂಢಿಯಾದ ಬಳಿಕ ಒಳಗೆ ಕುಳಿತು ಚಿತ್ರ ತೆಗೆಯುತ್ತಿದ್ದರು. ದೂರದರ್ಶಕ ಮಸೂರಗಳು ದುರ್ಲಭವಾಗಿದ್ದ ಕಾಲದಲ್ಲಿ ಬೇರೆ ಮಾರ್ಗವು ಕಡಮೆಯಾಗಿತ್ತು. ಈಗ 400 ಮಿಲಿಮೀಟರಿನ ಮಸೂರವು ಹವ್ಯಾಸಿಯ ಕೈಗೂ ಬಂದಿದೆ. 50 ಮಿಲಿಮೀಟರಿನ ಸಾಧಾರಣ ಮಸೂರಕ್ಕಿಂತ ಅದು 8 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಹತ್ತಿರ ಹೋಗುವ ಅಗತ್ಯವು ತಪ್ಪಿದ ಮೇಲೂ ಹತ್ತಿರ ಹೋಗುವ ಚಪಲವು ತಪ್ಪಲಿಲ್ಲವೆಂದರೆ ಅದಕ್ಕೆ ಸಮರ್ಥನೆ ಎಲ್ಲಿದೆ?

ಗೂಡು ಎಂಬುದು ಅಡಿಗೆಯ ಮನೆ

ಈ ಲೇಖಕನು ಹಲವು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು. ಹೋಟೆಲಿಗೆ ಬಂದ ಗಿರಾಕಿಯು ದೊರೆಯಿದ್ದಂತೆ. ಹಾಲಿನಲ್ಲಿ ಎಲ್ಲಿ ಬೇಕಾದರೂ ಕುಳಿತುಕೊಳ್ಳಲಿ. ಆದರೆ ಅಡಿಗೆಯ ಮನೆಯ ಬಾಗಿಲಲ್ಲಿ ‘ಒಳಗೆ ಪ್ರವೇಶವಿಲ್ಲ’ ಎಂಬ ಹಲಗೆ ತೂಗುತ್ತಿರುತ್ತದೆ. ಒಲೆಯ ಮುಂದೆ ನಿಂತವನ ಕೈ ಒಂದು ಗಳಿಗೆ ತಪ್ಪಿದರೆ ಅಡಿಗೆಯೂ ಕೆಟ್ಟೀತು, ಕೈಯೂ ಸುಟ್ಟೀತು. ಹಕ್ಕಿಯ ಗೂಡು ಅಂಥ ಅಡಿಗೆಯ ಮನೆ. ಕೆರೆ, ಬಯಲು, ಆಕಾಶಗಳೆಲ್ಲ ಹಾಲು. ಅಲ್ಲಿ ಕುಳಿತು ಕಣ್ತುಂಬ ನೋಡಲು ಯಾವ ಅಡ್ಡಿಯೂ ಇಲ್ಲ.

ಉದಾಹರಣೆಗೆ ಟಿಟ್ಟಿಭವನ್ನೇ ತೆಗೆದುಕೊಳ್ಳಿ. ಪಾಳುಬಿದ್ದ ಬಯಲಲ್ಲಿಯೂ ಕೆರೆಯಂಗಳದಲ್ಲಿಯೂ ಮನುಷ್ಯರನ್ನು ಕಂಡೊಡನೆ ಗಂಟಲು ಹರಿಯುವಂತೆ ಕೂಗುವ ಈ ಹಕ್ಕಿಯನ್ನು ನೋಡದವರಿಲ್ಲ. ಅದು ಗೂಡು ಕಟ್ಟುವುದಿಲ್ಲ. ಬರಿಯ ನೆಲದ ತಗ್ಗಿನಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಆ ಮೊಟ್ಟೆಗಳು ಮಣ್ಣು ಕಲ್ಲುಗಳ ಬಣ್ಣಕ್ಕೆ ಎಷ್ಟು ಹೊಂದುವುವೆಂದರೆ ಕಾಲಿನಡಿಯಲ್ಲಿದ್ದರೂ ಕಾಣಿಸುವುದಿಲ್ಲ. ನಮ್ಮ ಹೈದರಾಬಾದಿನ ಬೇಸಗೆಯಲ್ಲಿ ಉಷ್ಣತೆಯು 40 ಡಿಗ್ರಿಯನ್ನು ದಾಟುವಾಗ ತಾಯಿಯು ಕಾವು ಕೊಡುವುದಕ್ಕಿಂತ ಹೆಚ್ಚಾಗಿ ಮೊಟ್ಟೆಗಳಿಗೆ ನೆರಳು ಕೊಡಬೇಕಾಗುತ್ತದೆ. ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಮಾಡುತ್ತದೆ. ಇಂಥ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದವನು ಅರ್ಧ ಗಂಟೆ ಪಕ್ಕದಲ್ಲಿ ನಿಂತರೆ ತಾಯಿ ಹಾರಿಹೋಗುತ್ತದೆ, ಮೊಟ್ಟೆಗಳು ಬಿಸಿಲಿಗೆ ಬೇಯುತ್ತವೆ. ಚಿತ್ರವು ಚೆನ್ನಾಗಿಯೇ ಬಂದಿರಬಹುದು. ಮರಿ ಮಾತ್ರ ಬರುವುದಿಲ್ಲ.

ಪೊದೆಯ ಒಳಗಿನ ಗೂಡುಗಳ ಪಾಡು ಇನ್ನೊಂದು ಬಗೆ. ಚಿತ್ರಕ್ಕೆ ಅಡ್ಡಿಯೆಂದು ಎರಡು ರೆಂಬೆಗಳನ್ನು ಬಗ್ಗಿಸಿ ಕಟ್ಟಿದರೆ ಅಥವಾ ಮುರಿದರೆ, ನಮ್ಮ ಕಣ್ಣಿಗೆ ಕಂಡ ಗೂಡು ಕಾಗೆ, ಹದ್ದುಗಳ ಕಣ್ಣಿಗೂ ಕಾಣುತ್ತದೆ. ಮನುಷ್ಯನು ಪದೇ ಪದೇ ಎಲ್ಲಿ ಬಗ್ಗಿ ನೋಡುತ್ತಾನೆಂಬುದನ್ನು ಕಾಗೆಯು ಗಮನಿಸದೆ ಬಿಡುವುದಿಲ್ಲ. ಹಾಗೆಯೇ ಹಕ್ಕಿಯ ಧ್ವನಿಮುದ್ರಣವನ್ನು ಮೊಬೈಲಿನಿಂದ ಹೊರಡಿಸಿ, ಅದು ತನ್ನ ಎಲ್ಲೆಯೊಳಗೆ ವೈರಿ ಬಂದನೆಂದು ಭ್ರಮಿಸಿ ಮೇವನ್ನೂ ಮರಿಗಳನ್ನೂ ಬಿಟ್ಟು ಎದುರಿಗೆ ಬರುವಂತೆ ಮಾಡುವುದು ಇತ್ತೀಚಿನ ದುರಭ್ಯಾಸ. ಮನೆಯ ಮುಂದೆ ಸುಳ್ಳು ಕೂಗು ಹಾಕಿ ಯಜಮಾನನನ್ನು ಹೊರಗೆ ಎಳೆಯುವವನನ್ನು ನಾವು ಕಲಾವಿದನೆಂದು ಕರೆಯುತ್ತೇವೆಯೇ?

ಕಾನೂನು ಏನನ್ನುತ್ತದೆ?

ಇದು ಕೇವಲ ಸಜ್ಜನಿಕೆಯ ಪ್ರಶ್ನೆಯೆಂದು ಯಾರೂ ಉದಾಸೀನ ಮಾಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ ಎಂಬ ಮಾತಿಗೆ ಕೊಟ್ಟಿರುವ ಅರ್ಥವನ್ನು ಪ್ರತಿಯೊಬ್ಬ ಹವ್ಯಾಸಿಯೂ ತಿಳಿದಿರತಕ್ಕದ್ದು. ಕೊಲ್ಲುವುದು, ಹಿಡಿಯುವುದು, ಉರುಲೊಡ್ಡುವುದು ಮಾತ್ರವೇ ಬೇಟೆಯಲ್ಲ. ಕಾಡು ಹಕ್ಕಿಗಳ ಮತ್ತು ಸರೀಸೃಪಗಳ ಮೊಟ್ಟೆಗಳಿಗೆ ಹಾನಿ ಮಾಡುವುದು, ಅವುಗಳ ಮೊಟ್ಟೆಗಳನ್ನಾಗಲಿ ಗೂಡುಗಳನ್ನಾಗಲಿ ಕದಡುವುದು ಸಹ ಆ ಕಾಯಿದೆಯ ದೃಷ್ಟಿಯಲ್ಲಿ ಬೇಟೆಯೇ ಸರಿ. ಬಂದೂಕವನ್ನು ಕೆಳಗಿಟ್ಟು ಕ್ಯಾಮೆರಾ ಹಿಡಿದೆವೆಂದು ಹೆಮ್ಮೆಪಡುವವನು, ರೆಂಬೆ ಮುರಿದೊಡನೆ, ತನಗರಿವಿಲ್ಲದೆಯೇ ಮರಳಿ ಬೇಟೆಗಾರರ ಸಾಲಿಗೆ ಸೇರಬಹುದು. ಇನ್ನು ಅಭಯಾರಣ್ಯದೊಳಗೆ ಛಾಯಾಚಿತ್ರ ತೆಗೆಯಲು ಅನುಮತಿ ಕೊಡುವ ಅಧಿಕಾರವು ಮುಖ್ಯ ವನ್ಯಜೀವಿ ಪಾಲಕರಿಗೆ ಇದೆ. ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಹೋಗುವುದು ಜಾಣತನವಲ್ಲ.

ಗೂಡಿನ ಚಿತ್ರವೇ ಸಲ್ಲದೆಂದು ಹಟ ಹಿಡಿಯಬೇಕಾದುದೂ ಇಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆಯ ಮರಗಳಲ್ಲಿ ಗೂಡು ಕಟ್ಟುತ್ತವೆ. ಹಳ್ಳಿಗರು ಅವುಗಳನ್ನು ತಲೆಮಾರುಗಳಿಂದ ಮನೆಯ ಮಕ್ಕಳಂತೆ ಕಾಪಾಡಿಕೊಂಡು ಬಂದಿದ್ದಾರೆ; ಹಿಕ್ಕೆಯು ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿ ಬೀದಿಯಲ್ಲಿ ನಿಂತು ಚಿತ್ರ ತೆಗೆದರೆ ಹಕ್ಕಿಗೆ ಬಾಧೆಯಿಲ್ಲ. ಮನುಷ್ಯರನ್ನು ಕೆಳಗೆ ನೋಡಿ ನೋಡಿ ಅವಕ್ಕೆ ರೂಢಿಯಾಗಿದೆ. ಹಕ್ಕಿಯು ನಮ್ಮನ್ನು ಲೆಕ್ಕಿಸದೆ ತನ್ನ ಕೆಲಸದಲ್ಲಿ ತಾನಿರುವಾಗ ದೊರೆತ ಚಿತ್ರವೇ ನಿಜವಾದ ಚಿತ್ರ. ಗಾಬರಿಗೊಂಡ ಹಕ್ಕಿಯ ಚಿತ್ರದಲ್ಲಿ ಹಕ್ಕಿಗಿಂತ ಹೆಚ್ಚಾಗಿ ನಾವೇ ಕಾಣುತ್ತೇವೆ.

ನಮ್ಮ ನೆರೆಯಲ್ಲೇ ಇರುವ ತಾಣಗಳು

ಇದಕ್ಕಾಗಿ ಬಂಡೀಪುರದವರೆಗೆ ಹೋಗಬೇಕೆಂದಿಲ್ಲ. ಮಿಯಾಪುರದಾಚೆಯ ಅಮೀನ್‌ಪುರ ಕೆರೆಯು ಕುತುಬ್ ಶಾಹಿಗಳ ಕಾಲದ್ದು. 2016ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ನಗರದ ಕೆರೆಯೊಂದಕ್ಕೆ ಈ ಪದವಿಯು ದೊರೆತದ್ದು ದೇಶದಲ್ಲಿ ಅದೇ ಮೊದಲೆಂದು ವರದಿಯಾಗಿತ್ತು. ರಾಜಹಂಸಗಳೂ ಅಲ್ಲಿಗೆ ಬಂದುಹೋಗಿರುವುದುಂಟು. ಆದರೆ ಸುತ್ತಲೂ ಕಟ್ಟಡಗಳು ಏಳುತ್ತಿರುವ ಕೆರೆಗೆ ಪದವಿಯೊಂದೇ ರಕ್ಷೆಯಾಗದು. ಇಂಥಲ್ಲಿ ಇಂಥ ದಿನ ಇಂಥ ಹಕ್ಕಿ ಇದ್ದಿತೆಂಬುದಕ್ಕೆ ತಾರೀಖಿನೊಡನೆ ತೆಗೆದ ಚಿತ್ರಕ್ಕಿಂತ ಬಲವಾದ ಸಾಕ್ಷಿ ಇನ್ನೊಂದಿಲ್ಲ. ಹವ್ಯಾಸಿಯ ನಿಜವಾದ ಉಪಕಾರವು ಇಲ್ಲಿದೆ.

ನಮ್ಮ ನರಸಾಪುರ ಚೌರಸ್ತೆಯಿಂದ ಹೊರಡುವ ರಸ್ತೆಯನ್ನು ಹಿಡಿದು ನರಸಾಪುರದ ಕಾಡನ್ನು ದಾಟಿ ಮೆದಕ್ ಸೇರಿದರೆ, ಅಲ್ಲಿಂದ ಮುಂದೆ ಪೋಚಾರಂ ಅಭಯಾರಣ್ಯ. ಹಿಂದೆ ನಿಜಾಮರ ಬೇಟೆಯ ಸ್ಥಳವಾಗಿದ್ದ ಅದು 1952ರಲ್ಲಿ ಪ್ರಾಣಿಗಳ ಆಶ್ರಯವಾಯಿತು. ಸಂಗಾರೆಡ್ಡಿಯ ಬಳಿ 1978ರಲ್ಲಿ ಘೋಷಿತವಾದ ಮಂಜೀರಾ ಅಭಯಾರಣ್ಯವಿದೆ. ನಮ್ಮ ಬೀದರ ಜಿಲ್ಲೆಯಲ್ಲಿ ಹರಿದು ಬರುವ ಮಾಂಜ್ರಾ ನದಿಯೇ ಅದು. ಈ ನಗರವು ಕುಡಿಯುವ ನೀರಿಗೂ ಅದಕ್ಕೆ ಋಣಿಯಾಗಿದೆ. ಮೊಸಳೆಗಳೂ ನೀರುಹಕ್ಕಿಗಳೂ ಅಲ್ಲಿನ ನಿವಾಸಿಗಳು. ತವರಿನ ನೀರನ್ನು ಪರಸ್ಥಳದಲ್ಲಿ ಕಾಣುವ ಸಂತೋಷವು ಕನ್ನಡಿಗನಿಗೆ ಅಲ್ಲಿ ಸಿಗುತ್ತದೆ.

ಹೊಸದಾಗಿ ಕ್ಯಾಮೆರಾ ಕೊಂಡವರಿಗೆ ನಾಲ್ಕು ಮಾತು. ಸೂರ್ಯೋದಯದಿಂದ ಎರಡು ಗಂಟೆಯೊಳಗಿನ ಎಳೆಬಿಸಿಲೇ ಉತ್ತಮ. ಸೂರ್ಯನು ನಿಮ್ಮ ಬೆನ್ನಿಗಿರಲಿ. ನಿಂತು ತೆಗೆಯುವುದಕ್ಕಿಂತ ನೆಲಕ್ಕೆ ಕುಳಿತು ಹಕ್ಕಿಯ ಕಣ್ಣಿನ ಮಟ್ಟದಿಂದ ತೆಗೆಯಿರಿ. ಹಾರುವ ಹಕ್ಕಿಗೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ವೇಗವಾದರೂ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೇಯುತ್ತಿದ್ದ ಹಕ್ಕಿಯು ಮೇವನ್ನು ಬಿಟ್ಟು ತಲೆಯೆತ್ತಿ ನಿಮ್ಮನ್ನೇ ನೋಡಿದರೆ ಅಲ್ಲಿಯೇ ನಿಲ್ಲಿರಿ; ಮತ್ತೆ ಮೇಯತೊಡಗದಿದ್ದರೆ ಹಿಂದಕ್ಕೆ ಸರಿಯಿರಿ. ಅದು ಹಕ್ಕಿಯು ಹಾಕಿದ ಗೆರೆ.

ತರುಣರು ತೆಗೆದ ಚಿತ್ರಗಳನ್ನು ಈ ಪುಟದಲ್ಲಿ ಪ್ರಕಟಿಸುವುದು ನಮಗೆ ಸಂತೋಷ. ಚಿತ್ರದೊಡನೆ ಪ್ರಾಣಿಯ ಅಥವಾ ಹಕ್ಕಿಯ ಹೆಸರು, ತೆಗೆದ ದಿನ, ಎಷ್ಟು ದೂರದಿಂದ ತೆಗೆದದ್ದು ಎಂಬ ಮೂರನ್ನು ಬರೆದು ಕಳುಹಿಸಬೇಕಾಗಿ ವಿನಂತಿ. ಗೂಡಿನ ಬಳಿಗೆ ಹೋಗಿ ತೆಗೆದ ಚಿತ್ರವು ಎಷ್ಟೇ ಸೊಗಸಾಗಿದ್ದರೂ ಈ ಪತ್ರಿಕೆಯಲ್ಲಿ ಅದಕ್ಕೆ ಸ್ಥಳವಿರುವುದಿಲ್ಲ.