ಬೆಣ್ಣೆದೋಸೆಗೂ ಲೆಕ್ಕ ಇಡಿ, ಸ್ವಾಮಿ!

ದಾವಣಗೆರೆ: ತೂಕ ಇಳಿಸಲು ಹೊರಟ ನಮ್ಮೂರಿನವರು ಮೊದಲು ಮಾಡುವ ಶಪಥ, 'ಇನ್ನು ಬೆಣ್ಣೆದೋಸೆ ಮುಟ್ಟೋಲ್ಲ!' ಅದು ಒಂದು ವಾರ ನಡೆದರೆ ಹೆಚ್ಚು. ಒಂದು ಸಂಜೆ ಕಾವಲಿಯ ವಾಸನೆ ಮೂಗಿಗೆ ಬಡಿಯುತ್ತದೆ. ಒಂದು ಹೋಗಿ ಮೂರು ದೋಸೆ ಆಗುತ್ತದೆ. 'ಹೆಂಗೂ ಕೆಟ್ಟಿತು' ಎಂದು ಮರುದಿನದಿಂದ ಪಥ್ಯವೇ ಬಂದ್!

ವ್ಯಾಪಾರಸ್ಥರಿಗೆ ಲೆಕ್ಕ ಹೇಳಿಕೊಡಬೇಕೆ? ಡಾಕ್ಟರು ದಿನಕ್ಕೆ 1,500 ಕ್ಯಾಲೊರಿ ಎಂದು ಬರೆದುಕೊಟ್ಟಿದ್ದರೆ ವಾರಕ್ಕೆ 10,500. ಖಾತೆಯನ್ನು ವಾರಕ್ಕೊಮ್ಮೆ ಕೂಡಿಸಿ. ಒಂದು ಚಮಚ, ಅಂದರೆ 5 ಗ್ರಾಂ ಸಕ್ಕರೆಗೆ 20 ಕ್ಯಾಲೊರಿ. ಆ ಲೆಕ್ಕದೊಳಗೆ ದಿನಕ್ಕೆ ಐದು ಟೀ ಇದ್ದು, ಪ್ರತಿ ಲೋಟಕ್ಕೆ ಒಂದು ಚಮಚ ಸಕ್ಕರೆ ಬಿಟ್ಟರೆ ಆರು ದಿನಕ್ಕೆ 600 ಉಳಿತಾಯ. ಭಾನುವಾರದ ಒಂದು ದೋಸೆಯನ್ನು ಆ ಜಮಾದಿಂದ ಖರ್ಚು ಹಾಕಿ. ಮೇಲಿನ 10 ಗ್ರಾಂ ಬೆಣ್ಣೆಗೇ 70 ದಾಟುತ್ತದೆ. 'ಇನ್ನೊಂದಿಷ್ಟು ಹಾಕಪ್ಪಾ' ಅನ್ನಬೇಡಿ.

ಬಸ್ಸು ಕಾಯುತ್ತ ತಿಂದ ಮಂಡಕ್ಕಿ-ಮೆಣಸಿನಕಾಯಿಯನ್ನೂ ಬರೆದಿಡಿ. ಎಣ್ಣೆ ಗ್ರಾಮಿಗೆ 9 ಕ್ಯಾಲೊರಿ.

ಸಕ್ಕರೆ ಕಾಯಿಲೆಯವರು ಮಾತ್ರ ಮೊದಲು ಡಾಕ್ಟರನ್ನೇ ಕೇಳಬೇಕು. ಉಳಿದವರು ಭಾನುವಾರ ನಿಶ್ಚಿಂತೆಯಿಂದ ಕೂತು, ನಿಧಾನವಾಗಿ ತಿನ್ನಿ. ಸೋಮವಾರ ಮತ್ತೆ ಪಥ್ಯದ ಅಂಗಡಿ ಬಾಗಿಲು ತೆಗೆದರಾಯಿತು.