ಮಧುಗಿರಿಯಿಂದ ಕೆಂಪು ಮೇಪಲ್ ದಾರಿಗೆ

ಬರಗೂರಿನ ಗಂಡ-ಹೆಂಡತಿ ಅಕ್ಟೋಬರ್‌ನಲ್ಲಿ ಅಮೆರಿಕದ ಬಾಸ್ಟನ್‌ನಿಂದ ಬರ್ಲಿಂಗ್ಟನ್‌ಗೆ ತಾವೇ ಕಾರು ಓಡಿಸಿಕೊಂಡು ಹೋಗಬೇಕೆಂದರೆ, ಪ್ರಯಾಣ ಮಧುಗಿರಿಯಲ್ಲೇ ಶುರು.

ಶಿರಾ, ಕೊರಟಗೆರೆ, ಪಾವಗಡಕ್ಕೂ ಸೇರಿದ ಕೆಎ-64 ಆರ್‌ಟಿಒ ಇರುವುದು ಅಲ್ಲೇ. ಅಲ್ಲಿ ಪಡೆಯುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಒಂದು ವರ್ಷ ನಡೆಯುತ್ತದೆ. ಊರಿನ ಡಿಎಲ್ ಕೂಡ ಜೇಬಿನಲ್ಲಿರಲೇಬೇಕು.

ಅಮೆರಿಕದಲ್ಲಿ ಸ್ಟೇರಿಂಗ್ ಎಡಕ್ಕೆ, ಗಾಡಿ ಬಲಕ್ಕೆ. ಎಡಕ್ಕೆ ತಿರುಗುವಾಗ ಎದುರಿನ ಸಾಲನ್ನು ದಾಟಬೇಕು. ಪಕ್ಕದಲ್ಲಿ ಕೂತವರ ಕಣ್ಣೂ ರಸ್ತೆ ಮೇಲಿರಲಿ.

ದಾರಿ ನಡುವಿನ ನ್ಯೂ ಹ್ಯಾಂಪ್‌ಶೈರ್‌ನ ಕ್ಯಾಂಕಮಾಗಸ್ ಹೆದ್ದಾರಿ ಸುಮಾರು 55 ಕಿ.ಮೀ. ನಡುವೆ ಪೆಟ್ರೋಲ್ ಬಂಕ್ ಇಲ್ಲ, ಟ್ಯಾಂಕ್ ಮೊದಲೇ ತುಂಬಿಸಬೇಕು. ಅಂಥ ಕಾಡು, ಎಷ್ಟು ನೋಡಿದರೂ ಸಾಲದು! ಹಗಲು ಕುಗ್ಗಿ ಚಳಿ ಬಿದ್ದಂತೆ ಎಲೆಯ ಹಸಿರು ಕರಗುತ್ತದೆ. ಹಳದಿ ಮೊದಲೇ ಒಳಗಿತ್ತು; ಮೇಪಲ್‌ನ ಕೆಂಪು ಆಗಷ್ಟೇ ಹುಟ್ಟಿದ್ದು. ಬಿಸಿಲ ಹಗಲು, ತಣ್ಣನೆ ರಾತ್ರಿ ಸಿಕ್ಕರೆ ಇನ್ನೂ ಗಾಢ.

ಬಣ್ಣ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. ತಿಂಗಳ ಕೊನೆಗೆ ಹೋದವರು ಬಾಸ್ಟನ್ ಸುತ್ತಮುತ್ತಲೇ ನೋಡಬಹುದು.