ಕೋಟೆಯೊಳಗೊಂದು ತೊಟ್ಟಿಲು

ನಮ್ಮ ಮಾರ್ಟಳ್ಳಿಯ ಕಡೆಯಿಂದ ಬೆಂಗಳೂರಿಗೆ ಹೋದಾಗ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವು, ಹಣ್ಣು ಕೊಂಡು ಬರುತ್ತೇವೆ. ಪಕ್ಕದಲ್ಲೇ ನಿಂತಿರುವ ಕೋಟೆಯ ಬಾಗಿಲನ್ನು ಮಾತ್ರ ತಿರುಗಿಯೂ ನೋಡುವುದಿಲ್ಲ, ಅಲ್ಲವೇ?

ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿದರು. ಹೈದರಾಲಿಯ ಕಾಲದಲ್ಲಿ ಕಲ್ಲಿನ ಕೋಟೆ ಎದ್ದಿತು. ಸುತ್ತಲೂ ಆಳವಾದ ಕಂದಕ, ಹಗೆಗಳು ಒಳಗೆ ಕಾಲಿಡಬಾರದೆಂದು! ಆದರೂ 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ನುಗ್ಗಿತು. ಕೋಟೆ ಕಾಯುತ್ತಿದ್ದ ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಮಡಿದ.

ಆಮೇಲೆ ಟಿಪ್ಪುವಿನ ಮರದ ಅರಮನೆ ಬ್ರಿಟಿಷರ ಕಚೇರಿಯಾಯಿತು. 1868ರಲ್ಲಿ ಕಚೇರಿ ಅಠಾರಾ ಕಚೇರಿಗೆ ಹೋಯಿತು. ಕ್ರಮೇಣ ಗೋಡೆಗಳು ಉರುಳಿದವು, ಕಂದಕ ಮುಚ್ಚಿಹೋಯಿತು, ರಸ್ತೆಗಳು ಬಂದವು.

ಅದೇ ಕೋಟೆ ಬಯಲಿನಲ್ಲಿ 1935ರಲ್ಲಿ ಹೆಂಗಸರು, ಮಕ್ಕಳಿಗಾಗಿ ವಾಣಿವಿಲಾಸ ಆಸ್ಪತ್ರೆ ಶುರುವಾಯಿತು. ಎಳೆಯ ಮಗನ ಪರವಾಗಿ ಮೈಸೂರು ರಾಜ್ಯ ಆಳಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ನೆನಪಿನ ಹೆಸರದು.

ಒಂದು ಕಾಲಕ್ಕೆ ಯಾರನ್ನೂ ಒಳಗೆ ಬಿಡದ ಜಾಗ. ಈಗ ನಡುರಾತ್ರಿ ಹೆರಿಗೆ ನೋವಿನಲ್ಲಿ ಬರುವ ಬಡ ಹೆಣ್ಣುಮಗಳಿಗೂ ಅಲ್ಲಿ ಬಾಗಿಲು ತೆರೆದಿದೆ. ಮುಂದಿನ ಸಲ ಹೋದಾಗ, ಹೂವು ಕೊಳ್ಳುವ ಮುಂಚೆ, ಕೋಟೆ ಬಾಗಿಲಿಗೊಮ್ಮೆ ಹೋಗಿ ನೋಡಿ ಬನ್ನಿ.